ಸಿ ಭಾಷೆಯ ಜನಕ ಡೆನಿಸ್ ರಿಚಿ: ನಂಬಿಕೆಯಿಂದ ಎಚ್ಚರಿಕೆಯತ್ತ

ಬ್ಯಾಂಕಿನ ಸರ್ವರ್‌ಗಳಿಂದ ಹಿಡಿದು ಅಂಗೈಯ ಆಂಡ್ರಾಯ್ಡ್ ಮೊಬೈಲ್‌ವರೆಗೆ ಕೋಟ್ಯಂತರ ಯಂತ್ರಗಳ ಒಡಲಲ್ಲಿರುವುದು ಲಿನಕ್ಸ್ ಕರ್ನೆಲ್. ಕಾರ್ಯಾಚರಣಾ ವ್ಯವಸ್ಥೆಯ ಹೃದಯವಾದ ಈ ಕರ್ನೆಲ್‌ನ ಬಹುಪಾಲು ರಚನೆಯಾಗಿರುವುದು ಸಿ ಭಾಷೆಯಲ್ಲಿ. ಆ ಭಾಷೆಯನ್ನು ರೂಪಿಸಿದವರು ಅಮೆರಿಕದ ಡೆನಿಸ್ ರಿಚಿ.

1941ರ ಸೆಪ್ಟೆಂಬರ್ 9ರಂದು ನ್ಯೂಯಾರ್ಕ್ ರಾಜ್ಯದ ಬ್ರಾಂಕ್ಸ್‌ವಿಲ್‌ನಲ್ಲಿ ಜನಿಸಿದ ರಿಚಿ, ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಹಾಗೂ ಅನ್ವಯಿಕ ಗಣಿತ ಅಭ್ಯಸಿಸಿದರು. 1967ರಲ್ಲಿ ಬೆಲ್ ಪ್ರಯೋಗಾಲಯ ಸೇರಿದರು. ಅವರ ತಂದೆಯೂ ಅಲ್ಲಿಯೇ ವಿಜ್ಞಾನಿಯಾಗಿದ್ದರು. 1969ರಲ್ಲಿ ಸಹೋದ್ಯೋಗಿ ಕೆನ್ ಥಾಂಪ್ಸನ್ ಆರಂಭಿಸಿದ ಯುನಿಕ್ಸ್ ವ್ಯವಸ್ಥೆಗೆ ರಿಚಿ ಹೆಗಲು ಕೊಟ್ಟರು. 1973ರಲ್ಲಿ ಯುನಿಕ್ಸ್ ಕರ್ನೆಲ್ ಸಿ ಭಾಷೆಯಲ್ಲಿ ಮರುರಚನೆಗೊಂಡಿತು. ಒಂದು ಬಗೆಯ ಯಂತ್ರಕ್ಕೆ ಬರೆದ ವ್ಯವಸ್ಥೆಯನ್ನು ಮತ್ತೊಂದಕ್ಕೆ ಒಯ್ಯುವ ಹಾದಿ ಹೀಗೆ ತೆರೆಯಿತು.

ಸಿ ಭಾಷೆ ಪ್ರೋಗ್ರಾಮರ್‌ನನ್ನು ಪೂರ್ಣವಾಗಿ ನಂಬಿತು. ಪ್ರೋಗ್ರಾಮನ್ನು ಯಂತ್ರಭಾಷೆಗೆ ತಿರುಗಿಸುವ ಕಂಪೈಲರ್, ಫಂಕ್ಷನ್‌ಗೆ ಒದಗಿಸಿದ ಮೌಲ್ಯಗಳ ಸಂಖ್ಯೆ ಸರಿಯಿದೆಯೇ ಎಂದೂ ಆರಂಭದಲ್ಲಿ ವಿಚಾರಿಸುತ್ತಿರಲಿಲ್ಲ. ಈ ಕೊರತೆ ನೀಗಲು ಬೆಲ್ ಪ್ರಯೋಗಾಲಯದವರೇ ಆದ ಸ್ಟೀಫನ್ ಜಾನ್ಸನ್ 1970ರ ದಶಕದ ಅಂತ್ಯದಲ್ಲಿ ಲಿಂಟ್ ಎಂಬ ಪ್ರತ್ಯೇಕ ಸಾಧನ ರಚಿಸಿದರು. ಸಂಶಯಾಸ್ಪದ ಸಾಲುಗಳನ್ನು ಅದು ಎತ್ತಿ ತೋರಿಸುತ್ತಿತ್ತು. ಆದರೆ ಅದನ್ನು ಬಳಸುವುದೂ ಬಿಡುವುದೂ ಪ್ರೋಗ್ರಾಮರ್‌ನ ಇಚ್ಛೆಗೆ ಸೇರಿತ್ತು. 1989ರ ಸಿ ಮಾನದಂಡ ಬಂದ ಬಳಿಕವೇ ಇಂತಹ ಕೆಲವು ಪರೀಕ್ಷೆಗಳು ಕಂಪೈಲರ್‌ನ ಕೆಲಸವಾದವು.

ಕರ್ನೆಲ್‌ಗೆ ಯಂತ್ರದ ಸಮಸ್ತ ಸ್ಮೃತಿಕೋಶದ ಮೇಲೆ ಅಧಿಕಾರವಿದೆ. ಅಲ್ಲಿನ ಸಣ್ಣ ಪ್ರಮಾದವೂ ಆಕ್ರಮಣಕಾರನಿಗೆ ಇಡೀ ಯಂತ್ರದ ಕೀಲಿಕೈ ಆಗಬಲ್ಲದು.

ಥಾಂಪ್ಸನ್ ಜತೆ 1983ರ ಟ್ಯೂರಿಂಗ್ ಪ್ರಶಸ್ತಿ ಪಡೆದ ರಿಚಿ, 2007ರಲ್ಲಿ ನಿವೃತ್ತರಾದರು. 2011ರ ಅಕ್ಟೋಬರ್‌ನಲ್ಲಿ ನ್ಯೂಜೆರ್ಸಿಯ ತಮ್ಮ ಮನೆಯಲ್ಲಿ ಕೊನೆಯುಸಿರೆಳೆದರು. ಅದೇ ತಿಂಗಳು ನಿಧನರಾದ ಸ್ಟೀವ್ ಜಾಬ್ಸ್‌ಗೆ ಜಗತ್ತು ಕಂಬನಿ ಮಿಡಿಯುತ್ತಿದ್ದಾಗ ಈ ಸಾವು ಹೆಚ್ಚು ಸದ್ದು ಮಾಡಲಿಲ್ಲ.

ಯುನಿಕ್ಸ್ ಮಾದರಿಯಲ್ಲೇ ಬೆಳೆದ ಲಿನಕ್ಸ್, ಬಳಿಕ ಕಂಪೈಲರ್‌ನ ಎಚ್ಚರಿಕೆಗಳನ್ನೇ ಕಾವಲಿಗೆ ನಿಲ್ಲಿಸಿತು. ಸಿ ಭಾಷೆಯ ಸ್ವಿಚ್ ರಚನೆಯಲ್ಲಿ ಬ್ರೇಕ್ ಪದ ಮರೆತರೆ ಆಜ್ಞೆಗಳು ಸದ್ದಿಲ್ಲದೆ ಮುಂದಿನ ವಿಭಾಗಕ್ಕೆ ಜಾರುತ್ತವೆ. ಇದನ್ನು ಗುರುತಿಸುವ ಎಚ್ಚರಿಕೆ 2019ರ 5.3 ಆವೃತ್ತಿಯಿಂದ ಇಡೀ ಕರ್ನೆಲ್‌ಗೆ ಅನ್ವಯಿಸಿತು. ಉದ್ದೇಶಪೂರ್ವಕವಾಗಿ ಜಾರಬಿಡುವ ಕಡೆಗಳಲ್ಲಿ ಅದನ್ನು ಸ್ಪಷ್ಟವಾಗಿ ಬರೆಯಬೇಕಾಯಿತು. ಮರೆವಿನಿಂದಾದ ದೋಷಗಳು ಬಯಲಾಗಿ ತಿದ್ದುಪಡಿ ಕಂಡವು. 2021ರ 5.15 ಆವೃತ್ತಿಯಲ್ಲಿ ಎಚ್ಚರಿಕೆಯನ್ನೇ ದೋಷವೆಂದು ಪರಿಗಣಿಸಿ ಕಂಪೈಲ್ ಕಾರ್ಯವನ್ನು ತಡೆಹಿಡಿಯುವ ಆಯ್ಕೆಯೂ ಬಂತು.

ರಿಚಿ ಕೊಟ್ಟ ಸ್ವಾತಂತ್ರ್ಯ ಸಿ ಭಾಷೆಯಲ್ಲಿ ಇಂದಿಗೂ ಉಳಿದಿದೆ. ಕರ್ನೆಲ್ ಬರೆಯುವವರು ಮಾತ್ರ ಆ ಸ್ವಾತಂತ್ರ್ಯಕ್ಕೆ ಸಾಲುಸಾಲಿಗೂ ಲೆಕ್ಕ ಒಪ್ಪಿಸಬೇಕಾಗಿದೆ.