ಡಾ. ಮುತ್ತುಲಕ್ಷ್ಮಿ ರೆಡ್ಡಿ

ಮಕ್ಕಳೇ, ನಿಮ್ಮ ತಾಯಿ ಒಂದು ದಿನ ಜ್ವರ ಬಂದು ಮಲಗಿದರೆ ಮನೆಯಲ್ಲಿ ಏನಾಗುತ್ತದೆ? ಒಲೆ ಹೊತ್ತುವುದು ತಡವಾಗುತ್ತದೆ. ತೊಟ್ಟಿಲಿನ ಮಗು ಹಾಲಿಗಾಗಿ ಅಳುತ್ತದೆ. ದೊಡ್ಡ ಮಗಳು ಶಾಲೆ ಬಿಟ್ಟು ಮಗುವನ್ನು ಎತ್ತಿಕೊಳ್ಳುತ್ತಾಳೆ. ಒಂದು ದಿನಕ್ಕೇ ಹೀಗಾದರೆ, ತಾಯಿ ತಿಂಗಳುಗಟ್ಟಲೆ ಕಾಯಿಲೆ ಬಿದ್ದಾಗ ಆ ಮನೆಯ ಗತಿ ಏನು? ಇಂತಹ ಮನೆಗಳ ದುಃಖವನ್ನು ಅರಿತು, ಅದಕ್ಕಾಗಿ ಜೀವನವಿಡೀ ದುಡಿದ ವೈದ್ಯೆಯೊಬ್ಬರ ಕಥೆಯನ್ನು ಈಗ ತಿಳಿಯೋಣ. ಅವರೇ ಡಾ. ಮುತ್ತುಲಕ್ಷ್ಮಿ ರೆಡ್ಡಿ.

ಮುತ್ತುಲಕ್ಷ್ಮಿಯವರು 1886ನೇ ಇಸವಿ ಜುಲೈ 30ರಂದು ತಮಿಳುನಾಡಿನ ಪುದುಕ್ಕೋಟೆಯಲ್ಲಿ ಜನಿಸಿದರು. ಆಗ ಅದು ಒಂದು ಚಿಕ್ಕ ಸಂಸ್ಥಾನ. ತಂದೆ ನಾರಾಯಣಸ್ವಾಮಿ ಅಯ್ಯರ್. ಅವರು ಕಾಲೇಜಿನ ಪ್ರಾಂಶುಪಾಲರಾಗಿದ್ದರು. ತಾಯಿ ಚಂದ್ರಮ್ಮಾಳ್. ಆ ಕಾಲದಲ್ಲಿ ಹೆಣ್ಣುಮಕ್ಕಳಿಗೆ ಹತ್ತು ಹನ್ನೆರಡು ವರ್ಷಕ್ಕೇ ಮದುವೆ ಮಾಡುತ್ತಿದ್ದರು. ಶಾಲೆಗೆ ಹೋಗುವ ಹುಡುಗಿಯರು ಬಹಳ ಕಡಿಮೆ. ಆದರೆ ಮುತ್ತುಲಕ್ಷ್ಮಿಗೆ ಓದಬೇಕೆಂಬ ಹಂಬಲ. ತಂದೆ ಮಗಳ ಹಂಬಲಕ್ಕೆ ನೀರೆರೆದರು.

ಪುದುಕ್ಕೋಟೆಯಲ್ಲಿ ಇದ್ದುದು ಗಂಡುಮಕ್ಕಳ ಕಾಲೇಜು. ಅಲ್ಲಿ ಹುಡುಗಿಯನ್ನು ಸೇರಿಸಿಕೊಳ್ಳಬಾರದೆಂದು ಹಲವರು ಹಟ ಹಿಡಿದರು. ಆಗ ಮಹಾರಾಜರೇ ಅನುಮತಿ ಕೊಟ್ಟರು. ಹೀಗೆ ಆ ಕಾಲೇಜಿಗೆ ಸೇರಿದ ಮೊದಲ ವಿದ್ಯಾರ್ಥಿನಿ ಮುತ್ತುಲಕ್ಷ್ಮಿ. ಅವರ ಆರೋಗ್ಯ ಅಷ್ಟೇನೂ ಚೆನ್ನಾಗಿರಲಿಲ್ಲ. ಕಣ್ಣಿನ ದೃಷ್ಟಿಯೂ ಮಂದವಾಗಿತ್ತು. ಆದರೂ ಓದು ನಿಲ್ಲಲಿಲ್ಲ. 1907ರಲ್ಲಿ ಅವರು ಮದರಾಸಿನ ವೈದ್ಯಕೀಯ ಕಾಲೇಜಿಗೆ ಸೇರಿದರು. 1912ರಲ್ಲಿ ಅಲ್ಲಿಂದ ವೈದ್ಯೆಯಾಗಿ ಹೊರಬಂದರು. ಮದರಾಸು ಎಂದರೆ ಇಂದಿನ ಚೆನ್ನೈ ನಗರ. 1914ರಲ್ಲಿ ಡಾ. ಸುಂದರ ರೆಡ್ಡಿಯವರೊಡನೆ ಅವರ ಮದುವೆಯಾಯಿತು. ಇಬ್ಬರು ಗಂಡುಮಕ್ಕಳು ಹುಟ್ಟಿದರು.

ಮುತ್ತುಲಕ್ಷ್ಮಿಯವರ ಬಾಳಿನಲ್ಲಿ ಒಂದು ದೊಡ್ಡ ದುಃಖ ಬಂದಿತು. ಅವರ ಪ್ರೀತಿಯ ತಂಗಿಗೆ ಕರುಳಿನ ಕ್ಯಾನ್ಸರ್ ಆಯಿತು. ಮೊದಲು ಅದನ್ನು ಬೇರೆ ಯಾವುದೋ ಹೊಟ್ಟೆಯ ರೋಗವೆಂದು ತಿಳಿಯಲಾಗಿತ್ತು. ನಿಜ ಗೊತ್ತಾಗುವ ಹೊತ್ತಿಗೆ ಕಾಲ ಮಿಂಚಿತ್ತು. ಅಕ್ಕ ಸ್ವತಃ ವೈದ್ಯೆ. ಆದರೂ ತಂಗಿಯನ್ನು ಉಳಿಸಿಕೊಳ್ಳಲು ಆಗಲಿಲ್ಲ. ಚಿಕ್ಕ ವಯಸ್ಸಿನಲ್ಲೇ ತಂಗಿ ತೀರಿಕೊಂಡರು. ಈ ನೋವನ್ನು ಮುತ್ತುಲಕ್ಷ್ಮಿಯವರು ಎಂದೂ ಮರೆಯಲಿಲ್ಲ. ಕ್ಯಾನ್ಸರಿಗಾಗಿಯೇ ಒಂದು ಆಸ್ಪತ್ರೆ ಕಟ್ಟಬೇಕೆಂದು ಅಂದೇ ಮನಸ್ಸಿನಲ್ಲಿ ನಿಶ್ಚಯಿಸಿಕೊಂಡರು. 1925ರಲ್ಲಿ ಇಂಗ್ಲೆಂಡಿಗೆ ಹೋಗಿ ಹೆಂಗಸರ ಮತ್ತು ಮಕ್ಕಳ ರೋಗಗಳ ಬಗ್ಗೆ ಹೆಚ್ಚಿನ ಅಭ್ಯಾಸ ಮಾಡಿ ಬಂದರು.

ಮಕ್ಕಳೇ, ಕ್ಯಾನ್ಸರ್ ಎಂದರೇನು ಗೊತ್ತೇ? ನಮ್ಮ ದೇಹವು ಕಣ್ಣಿಗೆ ಕಾಣದಷ್ಟು ಸಣ್ಣ ಜೀವಕೋಶಗಳಿಂದ ಆಗಿದೆ. ಅವು ಒಂದು ಕ್ರಮದಲ್ಲಿ ಬೆಳೆಯುತ್ತವೆ. ಕೆಲವು ಕೋಶಗಳು ಈ ಕ್ರಮ ತಪ್ಪಿ ಮಿತಿಮೀರಿ ಬೆಳೆಯುವುದೇ ಕ್ಯಾನ್ಸರ್. ಹೆಂಗಸರಿಗೆ ಎದೆಯಲ್ಲಿ ಬರುವುದನ್ನು ಸ್ತನ ಕ್ಯಾನ್ಸರ್ ಎನ್ನುತ್ತಾರೆ. ಮೊದಮೊದಲು ಅಲ್ಲಿ ಒಂದು ಸಣ್ಣ ಗಂಟು ಇರಬಹುದು. ಅನೇಕ ಸಲ ಅದು ನೋಯುವುದೇ ಇಲ್ಲ. ನೋವಿಲ್ಲವೆಂದು ತಾಯಂದಿರು ಸುಮ್ಮನಿರುತ್ತಾರೆ. ನಾಚಿಕೆಯಿಂದ ಯಾರಿಗೂ ಹೇಳುವುದಿಲ್ಲ. ಹೊಲದ ಕೆಲಸ, ಮನೆಯ ಕೆಲಸಗಳ ನಡುವೆ ದಿನಗಳು ಕಳೆದುಹೋಗುತ್ತವೆ.

ಮಗುವಿಗೆ ಹಾಲೂಡಿಸುವ ತಾಯಿಗೆ ಬೇರೆ ತೊಂದರೆಗಳೂ ಬರುತ್ತವೆ. ಹಾಲು ಕಟ್ಟಿಕೊಂಡು ಎದೆ ಗಟ್ಟಿಯಾಗಬಹುದು. ತೊಟ್ಟು ಒಡೆದು ಉರಿಯಬಹುದು. ಹಾಲು ಸಾಲದೆಂದು ತಾಯಿ ಕಳವಳಪಡಬಹುದು. ಇವುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಸರಿಯಾದ ಸಲಹೆ ಸಿಕ್ಕರೆ ವಾಸಿಯಾಗುತ್ತವೆ. ಆದರೆ ಗಂಟು ಕೆಲವು ದಿನಗಳಲ್ಲಿ ಕರಗದೆ ಹಾಗೆಯೇ ಉಳಿದರೆ ವೈದ್ಯರಿಗೆ ತೋರಿಸಲೇಬೇಕು. ಕ್ಯಾನ್ಸರಿಗೆ ಬಲವಾದ ಔಷಧಿ ಕೊಡುವಾಗ ತಾಯಿ ಹಾಲೂಡಿಸುವುದನ್ನು ನಿಲ್ಲಿಸಬೇಕಾಗುತ್ತದೆ. ಏಕೆಂದರೆ ಔಷಧಿಯು ಹಾಲಿನ ಮೂಲಕ ಮಗುವನ್ನು ಸೇರಬಹುದು. ಆಗ ಮಗುವಿಗೆ ಹಾಲು ಕುಡಿಸುವವರು ಯಾರು? ಅಡುಗೆ ಮಾಡುವವರು ಯಾರು? ತಂದೆ, ಅಜ್ಜಿ, ಅಣ್ಣ, ಅಕ್ಕ ಎಲ್ಲರೂ ಹೆಗಲು ಕೊಡಬೇಕಾಗುತ್ತದೆ. ಒಬ್ಬರಿಗೆ ಬಂದ ಕಾಯಿಲೆ ಇಡೀ ಮನೆಯನ್ನು ಮುಟ್ಟುತ್ತದೆ ಎಂಬುದು ಇದಕ್ಕೇ.

ಮುತ್ತುಲಕ್ಷ್ಮಿಯವರು ಆಸ್ಪತ್ರೆಯಲ್ಲಿ ಮಾತ್ರ ದುಡಿಯಲಿಲ್ಲ. 1927ರಲ್ಲಿ ಅವರು ಮದರಾಸಿನ ಶಾಸನ ಸಭೆಯ ಸದಸ್ಯರಾದರು. ಆ ಸಭೆಗೆ ಬಂದ ಮೊದಲ ಮಹಿಳೆ ಅವರೇ. ಸಭೆಯ ಉಪಾಧ್ಯಕ್ಷರೂ ಆದರು. ಹೆಂಗಸರಿಗೂ ಮಕ್ಕಳಿಗೂ ಬೇರೆ ಆಸ್ಪತ್ರೆ ಬೇಕೆಂದು ಕೇಳಿದರು. ಹುಡುಗಿಯರ ಮದುವೆಯ ವಯಸ್ಸನ್ನು ಹೆಚ್ಚಿಸಬೇಕೆಂದು ವಾದಿಸಿದರು. ದೇವರ ಹೆಸರಿನಲ್ಲಿ ಎಳೆಯ ಹುಡುಗಿಯರನ್ನು ಬಿಟ್ಟುಬಿಡುವ ದೇವದಾಸಿ ಪದ್ಧತಿಯ ವಿರುದ್ಧ ಹೋರಾಡಿದರು. ಅದರ ಫಲವಾಗಿ 1947ರಲ್ಲಿ ಮದರಾಸಿನಲ್ಲಿ ಆ ಪದ್ಧತಿಯನ್ನು ತಡೆಯುವ ಕಾನೂನು ಬಂದಿತು. ನಮ್ಮ ಕಡೆ ಇದನ್ನೇ ಜೋಗಿನಿ ಪದ್ಧತಿ ಎನ್ನುತ್ತಾರೆ. ಇಲ್ಲಿ ಅದನ್ನು ನಿಷೇಧಿಸುವ ಕಾನೂನು 1988ರಲ್ಲಿ ಬಂದಿತು. ಆಸರೆಯಿಲ್ಲದ ಹುಡುಗಿಯರಿಗಾಗಿ ಮುತ್ತುಲಕ್ಷ್ಮಿಯವರು ಅವ್ವೈ ಹೋಮ್ ಎಂಬ ಮನೆಯನ್ನೂ ತೆರೆದರು.

ಇಷ್ಟೆಲ್ಲ ಕೆಲಸಗಳ ನಡುವೆಯೂ ತಂಗಿಯ ನೆನಪು ಮಾಸಲಿಲ್ಲ. 1935ರಲ್ಲಿ ತಾವು ಓದಿದ ವೈದ್ಯಕೀಯ ಕಾಲೇಜಿನ ನೂರನೇ ವರ್ಷದ ಹಬ್ಬದಲ್ಲಿ ಕ್ಯಾನ್ಸರ್ ಆಸ್ಪತ್ರೆಯ ಆಸೆಯನ್ನು ಎಲ್ಲರ ಮುಂದಿಟ್ಟರು. ಕ್ಯಾನ್ಸರ್ ಬಂದವರು ಹೇಗೂ ಸಾಯುತ್ತಾರೆ, ಅವರಿಗೇಕೆ ಆಸ್ಪತ್ರೆ ಎನ್ನುವವರೇ ಆಗ ಹೆಚ್ಚು. ದೊಡ್ಡ ಅಧಿಕಾರದಲ್ಲಿದ್ದವರೂ ಹಾಗೆಯೇ ಯೋಚಿಸುತ್ತಿದ್ದರು. ಮುತ್ತುಲಕ್ಷ್ಮಿಯವರು ಎದೆಗುಂದಲಿಲ್ಲ. ಮಹಿಳಾ ಸಂಘದ ಗೆಳತಿಯರೊಡನೆ ಸೇರಿ ಹಣ ಕೂಡಿಸಿದರು. 1952ರಲ್ಲಿ ಪ್ರಧಾನಿ ಜವಾಹರಲಾಲ್ ನೆಹರೂ ಅವರು ಅಡಿಗಲ್ಲು ಹಾಕಿದರು. 1954ರಲ್ಲಿ ಚೆನ್ನೈನ ಅಡ್ಯಾರಿನಲ್ಲಿ ಆಸ್ಪತ್ರೆ ಆರಂಭವಾಯಿತು. ಆಗ ಅಲ್ಲಿ ಇದ್ದುದು ಕೇವಲ 12 ಹಾಸಿಗೆಗಳು!

ಮುತ್ತುಲಕ್ಷ್ಮಿಯವರ ಮಗ ಡಾ. ಕೃಷ್ಣಮೂರ್ತಿಯವರು ಆ ಆಸ್ಪತ್ರೆಗಾಗಿ ದುಡಿದರು. 1955ರಲ್ಲಿ ಡಾ. ವಿ. ಶಾಂತಾ ಎಂಬ ಯುವ ವೈದ್ಯೆ ಬಂದು ಸೇರಿದರು. ಅವರು 2021ರಲ್ಲಿ ತೀರಿಕೊಳ್ಳುವವರೆಗೂ ಆ ಆಸ್ಪತ್ರೆಯನ್ನು ಬಿಡಲಿಲ್ಲ. ಬಡವರಿಗೂ ಅಲ್ಲಿ ಚಿಕಿತ್ಸೆ ಸಿಗತೊಡಗಿತು. ಎಷ್ಟೋ ತಾಯಂದಿರು ಗುಣವಾಗಿ ಮಕ್ಕಳ ಬಳಿಗೆ ಮರಳಿದರು.

1956ರಲ್ಲಿ ಭಾರತ ಸರ್ಕಾರವು ಮುತ್ತುಲಕ್ಷ್ಮಿಯವರಿಗೆ ಪದ್ಮಭೂಷಣ ಪ್ರಶಸ್ತಿ ನೀಡಿತು. 1968ನೇ ಇಸವಿ ಜುಲೈ 22ರಂದು ಅವರು ನಿಧನರಾದರು. ತಮಿಳುನಾಡಿನಲ್ಲಿ ಬಡ ಗರ್ಭಿಣಿಯರಿಗೂ ಬಾಣಂತಿಯರಿಗೂ ಸಹಾಯಧನ ಕೊಡುವ ಯೋಜನೆಗೆ ಅವರದೇ ಹೆಸರಿದೆ.

ಮಕ್ಕಳೇ, ಇಂದು ಕ್ಯಾನ್ಸರ್ ಆಸ್ಪತ್ರೆಗಳು ನಮಗೂ ದೂರವಲ್ಲ. ಹೈದರಾಬಾದಿನಲ್ಲಿ ಮೆಹದಿ ನವಾಜ್ ಜಂಗ್ ಅವರ ಹೆಸರಿನ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ ಇದೆ. ಬೆಂಗಳೂರಿನಲ್ಲಿ ಕಿದ್ವಾಯಿ ಆಸ್ಪತ್ರೆ ಇದೆ. ಗಟ್ಟು, ಮಖ್ತಲ್, ನಾರಾಯಣಪೇಟೆಯ ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯರಿದ್ದಾರೆ. ಹತ್ತಿರದಲ್ಲೇ ಪ್ರಾಥಮಿಕ ಆರೋಗ್ಯ ಕೇಂದ್ರಗಳಿವೆ. ಕ್ಯಾನ್ಸರ್ ಮುಟ್ಟಿದರೆ ಅಂಟುವ ರೋಗವಲ್ಲ. ಕಾಯಿಲೆಯಾದವರ ಜೊತೆ ಕುಳಿತು ಉಣ್ಣಬಹುದು, ಅವರನ್ನು ಅಪ್ಪಿಕೊಳ್ಳಬಹುದು. ಅದು ಯಾರ ಪಾಪದ ಫಲವೂ ಅಲ್ಲ. ಬೇಗನೆ ಗುರುತಿಸಿದರೆ ಗುಣವಾಗುವ ಸಾಧ್ಯತೆ ಹೆಚ್ಚು.

ಈ ಪಾಠವನ್ನು ಇಂದು ಮನೆಯಲ್ಲಿ ಅಮ್ಮನಿಗೆ, ಅಜ್ಜಿಗೆ ಗಟ್ಟಿಯಾಗಿ ಓದಿ ಹೇಳಿರಿ. ಮೈಯಲ್ಲಿ ಯಾವುದೇ ಗಂಟು ಕಂಡರೆ ನಾಚಿಕೆಪಡದೆ ವೈದ್ಯರಿಗೆ ತೋರಿಸಲು ತಿಳಿಸಿರಿ. ಕೂಸಿಗೆ ಹಾಲೂಡಿಸುವ ತಾಯಿಗೆ ನೀರು ತಂದುಕೊಡುವುದು, ತಮ್ಮ ತಂಗಿಯರನ್ನು ಆಡಿಸುವುದು ನಿಮ್ಮ ಕೈಯಲ್ಲಿ ಆಗುವ ಕೆಲಸ. ಅದನ್ನು ಹುಡುಗರೂ ಮಾಡಬೇಕು, ಹುಡುಗಿಯರೂ ಮಾಡಬೇಕು.

ಅಭ್ಯಾಸ

1. ಮುತ್ತುಲಕ್ಷ್ಮಿಯವರು ಎಲ್ಲಿ, ಯಾವಾಗ ಜನಿಸಿದರು?
2. ಕ್ಯಾನ್ಸರ್ ಆಸ್ಪತ್ರೆ ಕಟ್ಟಬೇಕೆಂದು ಅವರಿಗೆ ಏಕೆ ಅನಿಸಿತು?
3. ಎದೆಯಲ್ಲಿ ಗಂಟು ಇದ್ದರೂ ತಾಯಂದಿರು ಸುಮ್ಮನಿರಲು ಕಾರಣಗಳೇನು?
4. ತಾಯಿಗೆ ಕಾಯಿಲೆಯಾದಾಗ ಮನೆಯವರು ಹೇಗೆ ನೆರವಾಗಬಹುದು? ನಿಮ್ಮ ಮಾತಿನಲ್ಲಿ ಬರೆಯಿರಿ.
5. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಭೇಟಿ ಮಾಡಿ, ಅವರು ಮಾಡುವ ಕೆಲಸಗಳ ಪಟ್ಟಿ ತಯಾರಿಸಿರಿ.