ಎಲುಬು ಕೂಡಿಸಿದ ಹಕೀಮರು: ಅಲ್-ಝಹ್ರಾವಿ

ನಾನು ನಾಲ್ಕನೇ ತರಗತಿಯಲ್ಲಿದ್ದಾಗ ಘಟಪ್ರಭಾದ ನಮ್ಮ ಹಿತ್ತಲಿನ ಪೇರಲ ಗಿಡದಿಂದ ಬಿದ್ದು ಮೊಣಕೈ ಮುರಿದುಕೊಂಡೆ. ಎಲುಬು ಕಟ್ಟುವವರೊಬ್ಬರು ತತ್ತಿಯ ಲೋಳೆ ಹಚ್ಚಿ, ಬಿದಿರಿನ ದಬ್ಬೆ ಇಟ್ಟು ಬಿಗಿಯಾಗಿ ಕಟ್ಟಿದರು. ರಾತ್ರಿಯಾಗುವಷ್ಟರಲ್ಲಿ ಬೆರಳುಗಳು ಬಾತು ನೀಲಿಗಟ್ಟಿದವು. ಅಬ್ಬಾ ನನ್ನನ್ನು ಆಸ್ಪತ್ರೆಗೆ ಹೊತ್ತುಕೊಂಡು ಹೋದರು. ಡಾಕ್ಟರು ಮೊದಲು ಆ ಕಟ್ಟನ್ನೇ ಕತ್ತರಿಸಿದರು. ಕೈ ಉಳಿಯಿತು. ಇಂದು ಅದೇ ಕೈಯಿಂದ ಇದನ್ನು ಬರೆಯುತ್ತಿದ್ದೇನೆ.

ತತ್ತಿಯ ಲೋಳೆಯ ಈ ಮದ್ದು ಸಾವಿರ ವರ್ಷದಷ್ಟು ಹಳೆಯದೆಂದು ನನಗೆ ತಿಳಿದದ್ದು ಅಬುಲ್ ಕಾಸಿಮ್ ಅಲ್-ಝಹ್ರಾವಿಯವರ ಬಗ್ಗೆ ಓದಿದಾಗ. ಅವರು ಸುಮಾರು 936ರಲ್ಲಿ ಸ್ಪೇನಿನ ಕೊರ್ಡೊಬಾ ಬಳಿಯ ಮದೀನತುಝ್ ಝಹ್ರಾ ಎಂಬಲ್ಲಿ ಹುಟ್ಟಿದರು. ಝಹ್ರಾವಿ ಎಂಬ ಹೆಸರು ಆ ಊರಿನಿಂದಲೇ ಬಂದದ್ದು. ಬಹುಕಾಲ ರೋಗಿಗಳ ನಡುವೆ ದುಡಿದು ಕಲಿತದ್ದನ್ನೆಲ್ಲ ಸುಮಾರು 1000ದ ಹೊತ್ತಿಗೆ 'ಕಿತಾಬುತ್ ತಸ್ರೀಫ್' ಎಂಬ 30 ಭಾಗಗಳ ಗ್ರಂಥದಲ್ಲಿ ಬರೆದಿಟ್ಟರು. ಕೊನೆಯ ಭಾಗ ಶಸ್ತ್ರಚಿಕಿತ್ಸೆಯದು. ಅದರಲ್ಲಿ ಸುಮಾರು 200 ಉಪಕರಣಗಳ ಚಿತ್ರಗಳಿವೆ. ಎಲುಬು ಮುರಿತ ಮತ್ತು ಕೀಲು ತಪ್ಪುವುದರ ಬಗ್ಗೆ ಪ್ರತ್ಯೇಕ ವಿಭಾಗವೇ ಇದೆ.

ಬೀಸುವ ಕಲ್ಲಿನ ಹಿಟ್ಟಿನ ಧೂಳನ್ನು ತತ್ತಿಯ ಬಿಳಿಯಲ್ಲಿ ಕಲಸಿ ಲೇಪಿಸುವುದನ್ನು ಅವರೂ ಹೇಳುತ್ತಾರೆ. ಮೊಣಕೈ ಕೀಲು ತಪ್ಪುವುದೂ ಕಷ್ಟ, ತಪ್ಪಿದರೆ ಕೂಡಿಸುವುದೂ ಕಷ್ಟ ಎಂದು ತಿಳಿಸುತ್ತಾರೆ. ಕಟ್ಟಿದ ಮೇಲೆ ನೋವು, ಬಾವು ಹೆಚ್ಚಿದರೆ ಕಟ್ಟು ಬಿಚ್ಚಬೇಕೆಂಬುದೂ ಅವರ ಪಾಠ. ನಮ್ಮಲ್ಲಿ ಲೋಳೆ ಉಳಿಯಿತು, ಈ ಎಚ್ಚರಿಕೆ ಮರೆತುಹೋಯಿತು ಎನಿಸಿತು ನನಗೆ.

ಸುಮಾರು 1013ರಲ್ಲಿ ಅವರು ತೀರಿಕೊಂಡರು. ಆ ಹೊತ್ತಿಗೆ ಅಂತಃಕಲಹದಲ್ಲಿ ಅವರ ಊರು ಹಾಳಾಗಿತ್ತು. ಪುಸ್ತಕ ಮಾತ್ರ ಉಳಿಯಿತು. 12ನೇ ಶತಮಾನದಲ್ಲಿ ಕ್ರೆಮೋನಾದ ಜೆರಾರ್ಡ್ ಶಸ್ತ್ರಚಿಕಿತ್ಸೆಯ ಭಾಗವನ್ನು ಲ್ಯಾಟಿನ್ನಿಗೆ ಅನುವಾದಿಸಿದರು. ಯುರೋಪಿನ ವೈದ್ಯರು ಶತಮಾನಗಳ ಕಾಲ ಅದನ್ನು ಓದಿದರು.

ಬಿಗಿ ಕಟ್ಟಿನಿಂದ ರಕ್ತ ಸಿಗದೆ ಸ್ನಾಯು ಸತ್ತು ಕೈ ಸೊಟ್ಟಗಾಗುತ್ತದೆಂದು ಜರ್ಮನಿಯ ಫೋಲ್ಕ್‌ಮನ್ 1881ರಲ್ಲಿ ವಿವರಿಸಿದರು. ಮಕ್ಕಳಲ್ಲಿ ಮೊಣಕೈ ಬಳಿ ಮುರಿತವಾದರೆ ಎಲುಬು ಹೆಚ್ಚಾಗಿ ಮೊಣಕೈಯ ತುಸು ಮೇಲೆ ಮುರಿದಿರುತ್ತದೆ. ಕೈಗೆ ರಕ್ತ ಒಯ್ಯುವ ದೊಡ್ಡ ನಾಳ ಅಲ್ಲೇ ಮುಂದೆ ಹಾದುಹೋಗುತ್ತದೆ. ಅದಕ್ಕೇ ಕೆಲವೇ ತಾಸುಗಳ ವಿಳಂಬವೂ ಅಪಾಯ.

ಮಿತ್ರರೇ, ನಿಮ್ಮ ತಮ್ಮನೋ ತಂಗಿಯೋ ಬಿದ್ದು ಕೈ ಮುರಿದುಕೊಂಡರೆ ಎಕ್ಸ್-ರೇ ಇರುವ ಆಸ್ಪತ್ರೆಗೆ ಕರೆದೊಯ್ಯಿರಿ. ಕಟ್ಟು ಹಾಕಿದ ಮೇಲೂ ಬೆರಳುಗಳನ್ನು ನೋಡುತ್ತಿರಿ. ಅವು ತಣ್ಣಗಾದರೆ, ಬಣ್ಣ ಬದಲಾದರೆ, ಬಿಡಿಸುವಾಗ ವಿಪರೀತ ನೋವಾದರೆ ಬೆಳಗಿನವರೆಗೆ ಕಾಯಬೇಡಿ.