ಒಂದೇ ಬೆರಳಿನಿಂದ ಸೇತುವೆ ಕಟ್ಟಿಸಿದರೇ ರೋಬ್ಲಿಂಗ್?

ನ್ಯೂಯಾರ್ಕ್‌ನ ಬ್ರೂಕ್ಲಿನ್ ಸೇತುವೆಯ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ ಅಪಘಾತದಲ್ಲಿ ಮಾತು ಕಳೆದುಕೊಂಡರು, ಒಂದೇ ಬೆರಳಿನಿಂದ ಹೆಂಡತಿಯ ತೋಳು ತಟ್ಟಿ ಕೆಲಸ ಮುಗಿಸಿದರು ಎಂಬ ಫಾರ್ವರ್ಡ್ ನಮಗೂ ಬಂದಿದೆ. ಇದು ನಿಜವಲ್ಲ.

1869ರಲ್ಲಿ ದೋಣಿಕಟ್ಟೆಯಲ್ಲಿ ಕಾಲು ಜಜ್ಜಿ, ಧನುರ್ವಾಯುವಿನಿಂದ ತೀರಿಕೊಂಡವರು ಸೇತುವೆಯ ವಿನ್ಯಾಸಕ, ತಂದೆ ಜಾನ್. ಹೊಣೆ ಮಗನಿಗೆ ಬಂತು. ಅಡಿಪಾಯ ತೋಡಲು ನದಿಯ ತಳಕ್ಕೆ ಇಳಿಸಿದ್ದ ಭಾರೀ ಮರದ ಪೆಟ್ಟಿಗೆಗೆ ನೀರು ನುಗ್ಗದಂತೆ ಒತ್ತಡದ ಗಾಳಿ ತುಂಬುತ್ತಿದ್ದರು. ಅಲ್ಲಿಂದ ಬೇಗನೆ ಮೇಲೆ ಬಂದರೆ, ಸೋಡಾ ಬಾಟಲಿ ತೆರೆದಂತೆ, ರಕ್ತದಲ್ಲಿ ಸಾರಜನಕದ ಗುಳ್ಳೆಗಳು ಏಳುತ್ತವೆ. 1872ರಲ್ಲಿ ವಾಷಿಂಗ್ಟನ್ ಹಾಸಿಗೆ ಹಿಡಿದದ್ದು ಇದರಿಂದಲೇ. ಆದರೆ ಮಾತು ನಿಂತಿರಲಿಲ್ಲ. ಮಲಗಿದಲ್ಲೇ ವಿವರವಾದ ಸೂಚನೆಗಳನ್ನು ಬರೆದರು.

ಪತ್ನಿ ಎಮಿಲಿ ಗಣಿತ, ಕೇಬಲ್‌ಗಳ ಲೆಕ್ಕ ಎಲ್ಲ ಕಲಿತು ಕೆಲಸದ ಜಾಗದಲ್ಲಿ ನಿಂತರು. ಫಾರ್ವರ್ಡ್ ಅವರನ್ನು ಬರೀ ತೋಳಾಗಿಸಿದೆ! ಸೇತುವೆ 1883ರಲ್ಲಿ ತೆರೆಯಿತು. ವಾಷಿಂಗ್ಟನ್ 1926ರವರೆಗೆ ಬದುಕಿದರು, 84ನೇ ವಯಸ್ಸಿನಲ್ಲಿ ಕುಟುಂಬದ ಕಂಪನಿಯ ಅಧ್ಯಕ್ಷರೂ ಆದರು.